‘ರೈಟರ್ ಕೆಟ್ಟಿದೆ’: ಲಿನಕ್ಸ್ ಕಂಪ್ಯೂಟರಿನಲ್ಲಿ ಸಿ.ಡಿ. ಬರೆಯಲು ಹೋಗಿ ಕಲಿತದ್ದು

ಬೋಧನಾಭ್ಯಾಸಕ್ಕೆಂದು ನಾನು ಹೋಗಿದ್ದ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಎಲ್ಲದರಲ್ಲೂ ಉಬುಂಟು ಇತ್ತು. ಇದು ಲಿನಕ್ಸ್ ಆಧಾರದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಅದರ ಒಳಗಿನ ಬರವಣಿಗೆಯನ್ನು ತೆರೆದು ನೋಡಬಹುದು, ತಿದ್ದಬಹುದು. ಮೂಲೆಯಲ್ಲಿದ್ದ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿದ್ದರು: ‘ಸಿ.ಡಿ. ರೈಟರ್ ಕೆಟ್ಟಿದೆ’. ಚೀಟಿಯ ಅಂಚು ಹಳದಿಯಾಗಿತ್ತು. ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಸಿ.ಡಿ. ಅದನ್ನು ಬರೆಯುವಷ್ಟರಲ್ಲಿ ಎರಡು ಸಂಜೆಗಳು ಹೋದವು. ಆ ಎರಡು ಸಂಜೆ ಏನೇನು ನೋಡಿದೆ, ಯಾವ ಕ್ರಮದಲ್ಲಿ ನೋಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮುಕ್ತ ತಂತ್ರಾಂಶ ಇರುವ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಈ ಕೆಲಸ ನನ್ನ ಪರಿಹಾರ ಬೋಧನೆಯ ಪಾಠವನ್ನೂ ತಿದ್ದಿಸಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂದು ಸೂಚನೆ: ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು.

ಸಿ.ಡಿ. ಏಕೆ ಬೇಕಾಯಿತು?

ಒಂಬತ್ತನೆಯ ತರಗತಿಗೆ ‘ಶಬ್ದ’ ಘಟಕ ಮಾಡಿ ಮುಗಿಸಿ ಘಟಕ ಪರೀಕ್ಷೆ ಕೊಟ್ಟಿದ್ದೆ. ಆವೃತ್ತಿ ಹೆಚ್ಚಾದರೆ ಶಬ್ದದಲ್ಲಿ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಹನ್ನೊಂದು ಮಕ್ಕಳು ‘ಶಬ್ದ ಜೋರಾಗುತ್ತದೆ’ ಎಂದು ಬರೆದಿದ್ದರು. ಸರಿಯಾದ ಉತ್ತರ ಸ್ಥಾಯಿ ಏರುತ್ತದೆ ಎಂಬುದು. ಶಬ್ದದ ಗಟ್ಟಿತನ ನಿಂತಿರುವುದು ಕಂಪನದ ಪಾರದ ಮೇಲೆ. ವಿಶ್ಲೇಷಣಾ ಪಟ್ಟಿಯಲ್ಲಿ ಆ ಹನ್ನೊಂದು ಹೆಸರುಗಳ ಮುಂದೆ ನಾನು ‘ಪರಿಕಲ್ಪನೆ ಸ್ಪಷ್ಟವಿಲ್ಲ, ಪುನರ್ಬೋಧನೆ ಅಗತ್ಯ’ ಎಂದು ಒಂದೇ ವಾಕ್ಯ ಬರೆದೆ.

ಪುನರ್ಬೋಧನೆಗೆ ಕಿವಿಗೆ ಕೇಳಿಸುವ ಉಪಕರಣ ಬೇಕಿತ್ತು. ಶಾಲೆಯಲ್ಲಿ ಶ್ರುತಿಕವೆಗಳಿದ್ದವು. ಆದರೆ ಕವೆಯ ನಾದ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಬೇಗ ಕುಗ್ಗುತ್ತದೆ. ಆವೃತ್ತಿ ಮಾತ್ರ ಬದಲಿಸಿ ಪಾರವನ್ನು ಹಾಗೇ ಇಡುವುದು, ಪಾರ ಮಾತ್ರ ಬದಲಿಸಿ ಆವೃತ್ತಿಯನ್ನು ಹಾಗೇ ಇಡುವುದು ಕವೆಗಳಿಂದ ಕಷ್ಟ. ಆಡಾಸಿಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಇದು ಸುಲಭ. ‘ಜನರೇಟ್’ ಪಟ್ಟಿಯಲ್ಲಿ ‘ಟೋನ್’ ಆರಿಸಿ, ಆವೃತ್ತಿ ಎಷ್ಟು ಹರ್ಟ್ಸ್, ಪಾರ 0ಯಿಂದ 1ರ ನಡುವೆ ಎಷ್ಟು, ಎಷ್ಟು ಸೆಕೆಂಡು ಎಂದು ತುಂಬಿದರೆ ಶುದ್ಧ ನಾದ ಸಿದ್ಧ.

ಆದರೆ ಅದನ್ನು ತರಗತಿಯಲ್ಲಿ ಕೇಳಿಸುವುದು ಹೇಗೆ? ಕಂಪ್ಯೂಟರ್ ಕೊಠಡಿ ಮಹಡಿಯ ಮೇಲಿತ್ತು, ತರಗತಿ ಕೆಳಗೆ. ಶಾಲೆಯಲ್ಲಿದ್ದ ಒಂದೇ ಒಂದು ದನಿಪೆಟ್ಟಿಗೆ ಇಂಗ್ಲಿಷ್ ಪಾಠಗಳಿಗೆಂದು ಕೊಂಡಿದ್ದ ಹಳೆಯ ಕ್ಯಾಸೆಟ್–ಸಿ.ಡಿ. ಪ್ಲೇಯರ್. ಅದಕ್ಕೆ ಪೆನ್ ಡ್ರೈವ್ ಹಾಕುವ ಜಾಗವಿರಲಿಲ್ಲ. ಹೀಗಾಗಿ ಸಿ.ಡಿ.ಯೇ ಬೇಕಾಯಿತು. ಪೇಟೆಯಿಂದ ಮೂರು ಖಾಲಿ ಸಿ.ಡಿ. ತಂದೆ. ಪಾಠಕ್ಕೆ ಇನ್ನು ಎರಡು ದಿನವಿತ್ತು, ಅದು ವಿಮರ್ಶಾ ಪಾಠವೂ ಆಗಿತ್ತು.

ಸಿ.ಡಿ. ಬರೆಯುವುದೆಂದರೇನು?

ಏನು ನಡೆಯಬೇಕು ಎಂದು ಗೊತ್ತಿದ್ದರೆ ಎಲ್ಲಿ ನಿಂತಿದೆ ಎಂದು ಹುಡುಕಬಹುದು. ಆದ್ದರಿಂದ ಮೊದಲು ಇದು.

ಬರೆಯಬಹುದಾದ ಸಿ.ಡಿ. 12 ಸೆಂಟಿಮೀಟರ್ ವ್ಯಾಸದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಅದರ ಮೇಲೆ ಸಾವಯವ ಬಣ್ಣದ ತೆಳು ಪದರ, ಅದರ ಮೇಲೆ ಬೆಳಕನ್ನು ಹಿಂತಿರುಗಿಸುವ ಲೋಹದ ಪದರ. ಪಾಲಿಕಾರ್ಬೊನೇಟ್ ಬಿಲ್ಲೆಯಲ್ಲಿ ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುವ ತೋಡು ಮೊದಲೇ ಇರುತ್ತದೆ. ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಸುಮಾರು 1.6 ಮೈಕ್ರೋಮೀಟರ್ ಅಂತರ. ಕೇಳುವಾಗ ಸೆಕೆಂಡಿಗೆ ಸುಮಾರು 1.2 ಮೀಟರ್ ಹಾದಿ ಲೇಸರಿನ ಕೆಳಗೆ ಸಾಗುತ್ತದೆ. 80 ನಿಮಿಷಕ್ಕೆ 4800 ಸೆಕೆಂಡು. ಗುಣಿಸಿದರೆ ಸುಮಾರು 5.8 ಕಿಲೋಮೀಟರ್ ಉದ್ದದ ಹಾದಿ ಅಂಗೈಯಗಲದ ಬಿಲ್ಲೆಯಲ್ಲಿ ಸುತ್ತಿಕೊಂಡಿದೆ ಎಂದಾಯಿತು.

ಓದುವಾಗ 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಮಂದವಾಗಿ ಬೀಳುತ್ತದೆ. ಬರೆಯುವಾಗ ಅದೇ ಲೇಸರ್ ಹಲವು ಪಟ್ಟು ಹೆಚ್ಚು ಶಕ್ತಿಯಿಂದ ಬಿದ್ದು, ಬಣ್ಣದ ಪದರವನ್ನು ಅಲ್ಲಲ್ಲಿ ಕಾಯಿಸಿ ಬದಲಿಸುತ್ತದೆ. ಬದಲಾದ ಜಾಗ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ಒಮ್ಮೆ ಸುಟ್ಟದ್ದನ್ನು ಮತ್ತೆ ಖಾಲಿ ಮಾಡಲಾಗದು. ಬರೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಬರ್ನ್’ ಎನ್ನುವುದು ಇದಕ್ಕೇ.

ಇಷ್ಟು ಆಗಬೇಕಾದರೆ ಐದು ಸಂಗತಿ ಸರಿಯಿರಬೇಕು. ಡ್ರೈವಿಗೆ ಬರೆಯುವ ಸಾಮರ್ಥ್ಯ ಇರಬೇಕು. ಒಳಗಿನ ಬಿಲ್ಲೆ ಬರೆಯಲು ಬರುವಂಥದ್ದಾಗಿರಬೇಕು. ನಮಗೆ ಡ್ರೈವನ್ನು ಬಳಸುವ ಅನುಮತಿ ಇರಬೇಕು, ಬೇರೆ ತಂತ್ರಾಂಶ ಅದನ್ನು ಹಿಡಿದಿಟ್ಟಿರಬಾರದು. ಕೊಡುವ ಕಡತ ಸರಿಯಾದ ರೂಪದಲ್ಲಿರಬೇಕು. ಬರೆಯುವ ವೇಗ ಡ್ರೈವಿಗೂ ಬಿಲ್ಲೆಗೂ ಹೊಂದಬೇಕು. ಒಂದು ತಪ್ಪಿದರೂ ಹೊರಗಿನಿಂದ ಕಾಣುವುದು ಒಂದೇ: ‘ಆಗುತ್ತಿಲ್ಲ’.

ನಾನು ಮೊದಲು ಮಾಡಿದ ತಪ್ಪು

ನಾನು ಈ ಕ್ರಮ ಹಿಡಿಯಲಿಲ್ಲ. ಕೊಠಡಿಯ ಕಪಾಟಿನಲ್ಲಿ ‘ಲಿನಕ್ಸಿನಲ್ಲಿ ಸಿ.ಡಿ. ಬರೆಯುವ ವಿಧಾನ’ ಎಂಬ ಜೆರಾಕ್ಸ್ ಹಾಳೆ ಸಿಕ್ಕಿತು. ಕಂಪ್ಯೂಟರ್ ಶುರುವಾಗುವಾಗಲೇ ‘ಐಡಿಇ–ಸ್ಕಸಿ’ ಎಂಬ ಸೂಚನೆ ಸೇರಿಸಬೇಕು ಎಂದು ಅದರಲ್ಲಿತ್ತು. ಹಾಗೇ ಮಾಡಲು ಹೋಗಿ ಮೊದಲ ಸಂಜೆಯ ಹೆಚ್ಚಿನ ಭಾಗ ಕಳೆದೆ. ಏನೂ ಆಗಲಿಲ್ಲ.

ಹಾಳೆ ಸುಳ್ಳಾಗಿರಲಿಲ್ಲ, ಹಳೆಯದಾಗಿತ್ತು. ಲಿನಕ್ಸಿನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಅದರ 2.4ನೆಯ ಸರಣಿಯ ಕಾಲದಲ್ಲಿ, ಬರೆಯುವ ತಂತ್ರಾಂಶಕ್ಕೆ ಸ್ಕಸಿ ಎಂಬ ಬಗೆಯ ಡ್ರೈವುಗಳ ಭಾಷೆ ಮಾತ್ರ ಬರುತ್ತಿತ್ತು. ಮನೆ, ಶಾಲೆಗಳ ಕಂಪ್ಯೂಟರುಗಳಲ್ಲಿದ್ದದ್ದು ಐಡಿಇ ಡ್ರೈವುಗಳು. ಅವು ಸ್ಕಸಿಯಂತೆ ನಟಿಸುವಂತೆ ಮಾಡಬೇಕಿತ್ತು. ಆ ಸೂಚನೆ ಅದಕ್ಕಾಗಿ. 2003ರ ಡಿಸೆಂಬರಿನಲ್ಲಿ ಬಂದ 2.6ನೆಯ ಸರಣಿಯಿಂದ ಈ ನಟನೆಯ ಅಗತ್ಯ ಹೋಯಿತು. ಬರೆಯುವ ತಂತ್ರಾಂಶದ ಹೆಸರೂ ಬದಲಾಗಿತ್ತು. ಹಾಳೆಯಲ್ಲಿದ್ದದ್ದು ಯೋರ್ಗ್ ಶಿಲ್ಲಿಂಗ್ ಅವರ ‘ಸಿಡಿರೆಕಾರ್ಡ್’. ಪರವಾನಗಿಯ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು 2006ರಲ್ಲಿ ಡೆಬಿಯನ್ ತಂಡದವರು ಅದರಿಂದ ಕವಲೊಡೆದು ‘ವೋಡಿಮ್’ ಎಂಬುದನ್ನು ಮಾಡಿಕೊಂಡರು. ಡೆಬಿಯನ್ನಿನ ಮೇಲೆ ಕಟ್ಟಿದ ಉಬುಂಟುವಿಗೂ ಅದೇ ಬಂತು.

ಹಾಳೆಯ ಮೇಲೆ ಇಸವಿ ಇರಲಿಲ್ಲ. ಇದ್ದಿದ್ದರೆ ನನಗೆ ಒಂದು ಸಂಜೆ ಉಳಿಯುತ್ತಿತ್ತು.

ಮೊದಲ ಪ್ರಶ್ನೆ: ಈ ಡ್ರೈವ್ ಬರೆಯಬಲ್ಲದೆ?

ಎರಡನೆಯ ಸಂಜೆ ಹಾಳೆಯನ್ನು ಕಪಾಟಿಗೆ ಹಿಂತಿರುಗಿಸಿ ಬುಡದಿಂದ ಶುರುಮಾಡಿದೆ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆಜ್ಞೆ ಕೊಟ್ಟರೆ ಕಂಪ್ಯೂಟರಿಗೆ ಕಾಣುತ್ತಿರುವ ಡಿಸ್ಕುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಎಸ್‌ಆರ್0’ ಎಂಬ ಸಾಲಿತ್ತು. ಲಿನಕ್ಸಿನಲ್ಲಿ ಮೊದಲ ಸಿ.ಡಿ. ಡ್ರೈವಿನ ಹೆಸರು ಅದು. ಅಂದರೆ ಡ್ರೈವ್ ಇದೆ, ತಂತಿ ಸರಿಯಾಗಿದೆ, ಕರ್ನೆಲ್ಲಿಗೆ ಅದು ಗೊತ್ತು.

ಮುಂದಿನದು ಸಾಮರ್ಥ್ಯ. ‘ಪ್ರೋಕ್’ ಎಂಬ ಕೋಶದೊಳಗೆ ‘ಸಿಸ್’, ಅದರೊಳಗೆ ‘ಡೆವ್’, ಅದರೊಳಗೆ ‘ಸಿಡಿರಾಮ್’, ಅದರೊಳಗೆ ‘ಇನ್ಫೋ’ ಎಂಬ ಕಡತವಿದೆ. ಅದನ್ನು ‘ಕ್ಯಾಟ್’ ಆಜ್ಞೆಯಿಂದ ತೆರೆದರೆ ಡ್ರೈವಿನ ಗುಣಗಳು ಸಾಲಾಗಿ ಕಾಣುತ್ತವೆ. ಸಿ.ಡಿ.ಆರ್. ಬರೆಯಬಲ್ಲದೆ ಎಂಬ ಸಾಲಿನ ಮುಂದೆ 1 ಇದ್ದರೆ ಹೌದು, 0 ಇದ್ದರೆ ಇಲ್ಲ. ಉಳಿದ ಏಳು ಕಂಪ್ಯೂಟರುಗಳಲ್ಲೂ ನೋಡಿದೆ. ಏಳರಲ್ಲೂ 0. ಅವು ಓದುವ ಡ್ರೈವುಗಳು ಮಾತ್ರ. ‘ಕೆಟ್ಟಿದೆ’ ಎಂದು ಚೀಟಿ ಹೊತ್ತಿದ್ದ ಮೂಲೆಯ ಕಂಪ್ಯೂಟರಿನಲ್ಲಿ 1 ಇತ್ತು.

ಎರಡನೆಯ ಪ್ರಶ್ನೆ: ಒಳಗಿರುವ ಬಿಲ್ಲೆ ಯಾವುದು?

ಉಬುಂಟುವಿನಲ್ಲಿದ್ದ ‘ಬ್ರಸೇರೊ’ ಎಂಬ ಬರೆಯುವ ತಂತ್ರಾಂಶವನ್ನು ತೆರೆದರೆ, ಬರೆಯಬಹುದಾದ ಸಿ.ಡಿ. ಹಾಕಿ ಎಂದು ಕೇಳುತ್ತಿತ್ತು. ಒಳಗೆ ಒಂದು ಸಿ.ಡಿ. ಆಗಲೇ ಇತ್ತು. ತೆಗೆದು ಬೆಳಕಿಗೆ ಹಿಡಿದೆ. ಕೆಳಮೈಯಲ್ಲಿ ಒಳಗಿನ ಅರ್ಧ ಒಂದು ಬಣ್ಣ, ಹೊರಗಿನ ಅರ್ಧ ಇನ್ನೊಂದು ಬಣ್ಣ. ಅರ್ಧದವರೆಗೆ ಬರೆದು ಮುಚ್ಚಿದ ಬಿಲ್ಲೆ. ಅದರಲ್ಲಿ ಇನ್ನೊಮ್ಮೆ ಬರೆಯಲು ಬರುವುದಿಲ್ಲ. ಬಹುಶಃ ಯಾರೋ ಇದೇ ಬಿಲ್ಲೆಯಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ಚೀಟಿ ಅಂಟಿಸಿದರೋ ಏನೋ. ನನ್ನ ಖಾಲಿ ಸಿ.ಡಿ. ಹಾಕಿದೆ. ಬ್ರಸೇರೊ ಅದನ್ನು ಗುರುತಿಸಿತು.

ಇಷ್ಟಕ್ಕೇ ನಿಲ್ಲಿಸಿ ಬ್ರಸೇರೊದಲ್ಲೇ ಬರೆಯಬಹುದಿತ್ತು. ಆದರೆ ಕಂಪ್ಯೂಟರಿನಲ್ಲಿ ತೆರೆದಿದ್ದದ್ದು ಮಕ್ಕಳ ಖಾತೆ. ನನ್ನ ಕಡತಗಳಿದ್ದದ್ದು ಪ್ರಶಿಕ್ಷಣಾರ್ಥಿಗಳಿಗೆಂದು ಮಾಡಿಕೊಟ್ಟಿದ್ದ ಖಾತೆಯಲ್ಲಿ. ಮಕ್ಕಳ ಖಾತೆಯಲ್ಲಿಯೇ ಟರ್ಮಿನಲ್ ತೆರೆದು, ಅದರೊಳಗಿಂದ ‘ಎಸ್‌ಯು’ ಆಜ್ಞೆಯ ಮೂಲಕ ನಮ್ಮ ಖಾತೆಗೆ ದಾಟಿ ವೋಡಿಮ್ ಓಡಿಸಿದೆ.

ಮೂರನೆಯ ಪ್ರಶ್ನೆ: ಕೇಳುತ್ತಿರುವುದು ಯಾರು?

‘ಅನುಮತಿ ಇಲ್ಲ’ ಎಂಬ ಉತ್ತರ ಬಂತು. ಲಿನಕ್ಸಿನಲ್ಲಿ ಡ್ರೈವ್ ಕೂಡ ಒಂದು ಕಡತದಂತೆ. ಅದಕ್ಕೆ ಒಡೆಯರಿದ್ದಾರೆ, ಗುಂಪಿದೆ, ಯಾರು ಓದಬಹುದು, ಯಾರು ಬರೆಯಬಹುದು ಎಂಬ ನಿಯಮವಿದೆ. ‘ಎಲ್‌ಎಸ್ –ಎಲ್’ ಆಜ್ಞೆಯಿಂದ ನೋಡಿದರೆ ಡ್ರೈವಿನ ಒಡೆಯ ‘ರೂಟ್’, ಗುಂಪು ‘ಸಿಡಿರಾಮ್’. ಇವರಿಬ್ಬರನ್ನು ಬಿಟ್ಟು ಉಳಿದವರಿಗೆ ಪ್ರವೇಶವಿಲ್ಲ. ‘ಗ್ರೂಪ್ಸ್’ ಆಜ್ಞೆ ನಾವು ಯಾವ ಯಾವ ಗುಂಪಿನಲ್ಲಿದ್ದೇವೆ ಎಂದು ಹೇಳುತ್ತದೆ. ನಮ್ಮ ಖಾತೆಯ ಪಟ್ಟಿಯಲ್ಲಿ ಸಿಡಿರಾಮ್ ಇರಲಿಲ್ಲ.

ಸಾಮಾನ್ಯವಾಗಿ ಪರದೆಯ ಮುಂದೆ ಲಾಗಿನ್ ಆದವರಿಗೆ ಈ ಅನುಮತಿಯನ್ನು ವ್ಯವಸ್ಥೆಯೇ ಕೊಟ್ಟಿರುತ್ತದೆ. ಅದಕ್ಕೇ ಬ್ರಸೇರೊಗೆ ಡ್ರೈವ್ ಸಿಕ್ಕಿತ್ತು. ನಾನು ಪಕ್ಕದ ಬಾಗಿಲಿನಿಂದ ಬೇರೆ ಖಾತೆಗೆ ಹೋಗಿದ್ದರಿಂದ ಆ ಸೌಲಭ್ಯ ನನಗೆ ಬರಲಿಲ್ಲ.

ಪರಿಹಾರ ಸರಳ. ಆಡಳಿತಾಧಿಕಾರವಿರುವ ಖಾತೆಯಿಂದ ‘ಯೂಸರ್‌ಮಾಡ್’ ಆಜ್ಞೆ ಬಳಸಿ ನಮ್ಮ ಖಾತೆಯನ್ನು ಸಿಡಿರಾಮ್ ಗುಂಪಿಗೆ ಸೇರಿಸಬೇಕು. ಕಂಪ್ಯೂಟರ್ ಶಿಕ್ಷಕರನ್ನು ಕೇಳಿದೆ. ಅವರೇ ಬಂದು ಗುಪ್ತಪದ ಹಾಕಿಕೊಟ್ಟರು. ಇಲ್ಲೊಂದು ಎಚ್ಚರಿಕೆ ಅವಶ್ಯ. ಗುಂಪಿನ ಸೂಚನೆಯಾದ ದೊಡ್ಡಕ್ಷರದ ‘ಜಿ’ಗೆ ಮುಂಚೆ ಸಣ್ಣಕ್ಷರದ ‘ಎ’ ಇರಲೇಬೇಕು. ‘ಎ’ ಎಂದರೆ ಇರುವುದಕ್ಕೆ ಸೇರಿಸು ಎಂದು. ಅದನ್ನು ಬಿಟ್ಟರೆ ಆ ಖಾತೆ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತದೆ. ಸೇರಿಸಿದ ಮೇಲೆ ಖಾತೆಯಿಂದ ಹೊರಬಂದು ಮತ್ತೆ ಒಳಹೋದರೆ ಮಾತ್ರ ಬದಲಾವಣೆ ಜಾರಿಗೆ ಬರುತ್ತದೆ.

ಎಲ್ಲ ಆಜ್ಞೆಗೂ ‘ಸುಡೊ’ ಸೇರಿಸಿ ಓಡಿಸಿದರೆ ಇಷ್ಟೆಲ್ಲ ಬೇಕಿಲ್ಲ ಎಂದು ಕೆಲವರು ಹೇಳುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲಿ ಆ ಅಭ್ಯಾಸ ಒಳ್ಳೆಯದಲ್ಲ. ಒಂದು ಕೋಣೆಗೆ ಹೋಗಲು ಇಡೀ ಶಾಲೆಯ ಬೀಗದ ಕೈ ಗೊಂಚಲನ್ನು ಹಿಡಿದು ತಿರುಗಿದ ಹಾಗೆ.

ಮತ್ತೆ ಓಡಿಸಿದೆ. ಈಗ ‘ಸಾಧನ ಬಳಕೆಯಲ್ಲಿದೆ’ ಎಂದು ಬಂತು. ಉತ್ತರ ಬದಲಾಯಿತೆಂದರೆ ಒಂದು ಹೆಜ್ಜೆ ಮುಂದೆ ಹೋಗಿದ್ದೇವೆ ಎಂದರ್ಥ. ಬ್ರಸೇರೊ ಕಿಟಕಿಯನ್ನು ನಾನೇ ತೆರೆದು ಬಿಟ್ಟಿದ್ದೆ, ಅದು ಡ್ರೈವನ್ನು ಹಿಡಿದುಕೊಂಡಿತ್ತು. ಮುಚ್ಚಿದೆ.

ನಾಲ್ಕನೆಯ ಪ್ರಶ್ನೆ: ಕಡತ ಸರಿಯಾದ ರೂಪದಲ್ಲಿದೆಯೆ?

ಇಲ್ಲಿ ಎರಡು ಬಗೆಯ ಸಿ.ಡಿ.ಗಳ ವ್ಯತ್ಯಾಸ ತಿಳಿಯಬೇಕು. ದತ್ತಾಂಶದ ಸಿ.ಡಿ.ಯಲ್ಲಿ ಕಡತಗಳು ಕಡತಗಳಾಗಿಯೇ ಇರುತ್ತವೆ, ಕಂಪ್ಯೂಟರ್ ಓದುತ್ತದೆ. ಹಳೆಯ ಪ್ಲೇಯರಿಗೆ ಕಡತ ಎಂದರೇನೆಂದೇ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು 1982ರಲ್ಲಿ ಮಾರುಕಟ್ಟೆಗೆ ಬಂದ ಮೂಲ ರೂಪದ ಧ್ವನಿ ಸಿ.ಡಿ.

ಧ್ವನಿ ಸಿ.ಡಿ.ಯ ಲೆಕ್ಕ ನಮ್ಮ ಪಾಠಕ್ಕೇ ಸೇರಿದ್ದು. ಶಬ್ದತರಂಗವನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಮನುಷ್ಯನ ಕಿವಿಗೆ ಕೇಳುವ ಮಿತಿ ಸುಮಾರು 20,000 ಹರ್ಟ್ಸ್; ಒಂದು ತರಂಗವನ್ನು ಹಿಡಿಯಲು ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು; ಅದಕ್ಕೇ 40,000ಕ್ಕಿಂತ ಮೇಲಿನ ಸಂಖ್ಯೆ. ಪ್ರತಿ ಅಳತೆಗೆ 16 ಬಿಟ್, ಅಂದರೆ 2 ಬೈಟ್. ಎಡ–ಬಲ ಎರಡು ವಾಹಿನಿ. ಒಟ್ಟು ಸೆಕೆಂಡಿಗೆ 1,76,400 ಬೈಟ್. ಇದನ್ನು 75 ತುಂಡುಗಳಾಗಿ ಹಂಚಿದರೆ ತುಂಡಿಗೆ 2352 ಬೈಟ್. ದತ್ತಾಂಶದ ಸಿ.ಡಿ.ಯಲ್ಲಿ ಅದೇ ತುಂಡಿನಲ್ಲಿ 2048 ಬೈಟ್ ಮಾತ್ರ ನಮ್ಮ ಮಾಹಿತಿಗೆ. ಉಳಿದದ್ದು ವಿಳಾಸಕ್ಕೆ, ತಪ್ಪು ತಿದ್ದುವುದಕ್ಕೆ ಮತ್ತು ಇತರ ಗುರುತುಗಳಿಗೆ. ಹಾಡಿನಲ್ಲಿ ಒಂದು ಬಿಟ್ ತಪ್ಪಿದರೆ ಕಿವಿಗೆ ತಿಳಿಯದೆ ಹೋಗಬಹುದು, ಅಂಕಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ನಡೆಯುವುದಿಲ್ಲ.

ವೋಡಿಮ್ ಆಜ್ಞೆಗೆ ‘ಆಡಿಯೋ’ ಎಂಬ ಸೂಚನೆ ಸೇರಿಸಿ ಓಡಿಸಿದೆ. ಧ್ವನಿಯ ಸಂಕೇತರೂಪ ಹೊಂದುವುದಿಲ್ಲ ಎಂದು ನಿರಾಕರಿಸಿತು. ಕಾರಣ ಹುಡುಕಲು ಲೆಕ್ಕ ನೆನಪಿಗೆ ಬಂತು: ಎರಡು ವಾಹಿನಿ ಬೇಕು. ಆಡಾಸಿಟಿಯಲ್ಲಿ ನಾನು ಮಾಡಿದ್ದ ನಾದಗಳು ಒಂದೇ ವಾಹಿನಿಯವು, ಅಂದರೆ ಮಾನೊ. ಸ್ಟೀರಿಯೊ ಟ್ರ್ಯಾಕ್ ತೆರೆದು, ಮಾದರಿ ದರ 44,100 ಇದೆಯೆ ಎಂದು ನೋಡಿ, ನಾದಗಳನ್ನು ಮತ್ತೆ ಮಾಡಿ 16 ಬಿಟ್‌ನ ‘ವೇವ್’ ಕಡತಗಳಾಗಿ ಉಳಿಸಿದೆ. ಧ್ವನಿ ಸಿ.ಡಿ.ಯಲ್ಲಿ ಒಂದು ಟ್ರ್ಯಾಕ್ ಕನಿಷ್ಠ 4 ಸೆಕೆಂಡಾದರೂ ಇರಬೇಕು. ನನ್ನವು 10 ಸೆಕೆಂಡಿನವು. ಬ್ರಸೇರೊದ ಆಡಿಯೋ ವಿಭಾಗದಲ್ಲಿ ಮಾಡುವವರಿಗೆ ಈ ತೊಂದರೆ ಬರುವುದಿಲ್ಲ, ಅದು ತಾನೇ ರೂಪ ಬದಲಿಸಿಕೊಳ್ಳುತ್ತದೆ.

ಐದನೆಯ ಪ್ರಶ್ನೆ: ವೇಗ ಎಷ್ಟು?

ವೋಡಿಮ್‌ಗೆ ‘ಡಮ್ಮಿ’ ಎಂಬ ಸೂಚನೆ ಕೊಟ್ಟರೆ ಲೇಸರಿನ ಶಕ್ತಿ ಏರಿಸದೆ ಬರೆಯುವ ಕ್ರಿಯೆಯನ್ನೆಲ್ಲ ನಟಿಸಿ ತೋರಿಸುತ್ತದೆ. ಬಿಲ್ಲೆ ಖಾಲಿಯಾಗಿಯೇ ಉಳಿಯುತ್ತದೆ. ನಟನೆ ಸರಾಗವಾಗಿ ನಡೆಯಿತು. ಧೈರ್ಯ ಬಂದು ಸಿ.ಡಿ.ಯ ಡಬ್ಬಿಯ ಮೇಲೆ ನಮೂದಿಸಿದ್ದ ಗರಿಷ್ಠ ವೇಗದಲ್ಲೇ ನಿಜವಾಗಿ ಬರೆದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕೇಳಿಸಿತು. ಕೆಳಗೆ ಹೋಗಿ ತರಗತಿಯ ಪ್ಲೇಯರಿಗೆ ಹಾಕಿದರೆ ಮೂರನೆಯ ಟ್ರ್ಯಾಕಿನಲ್ಲಿ ಟಕ್ ಟಕ್ ಎಂದು ಹಾರತೊಡಗಿತು.

ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳ ಎದುರು ಚೆನ್ನಾಗಿ ಮಾಡಿದ ಪಾಠ ನಿಜವಾದ ತರಗತಿಯಲ್ಲಿ ತಡವರಿಸುವುದು ನಮಗೆಲ್ಲ ಗೊತ್ತು. ಡಮ್ಮಿಯೂ ಹಾಗೆ. ಕಂಪ್ಯೂಟರಿನಿಂದ ಡ್ರೈವಿಗೆ ಮಾಹಿತಿ ತಡೆಯಿಲ್ಲದೆ ಹರಿಯುತ್ತದೆಯೆ ಎಂಬುದನ್ನು ಅದು ಪರೀಕ್ಷಿಸುತ್ತದೆ. ಬಣ್ಣದ ಪದರದ ಮೇಲೆ ಗುರುತು ಸ್ಪಷ್ಟವಾಗಿ ಬೀಳುತ್ತದೆಯೆ ಎಂಬುದನ್ನಲ್ಲ.

ಸಿ.ಡಿ. ವೇಗದ ಅಳತೆ ಹೀಗಿದೆ. 1 ಪಟ್ಟು ಎಂದರೆ ಕೇಳುವ ವೇಗ. ದತ್ತಾಂಶಕ್ಕೆ ಲೆಕ್ಕ ಹಾಕಿದರೆ 75 ತುಂಡು × 2048 ಬೈಟ್, ಅಂದರೆ ಸೆಕೆಂಡಿಗೆ 150 ಕಿಲೋಬೈಟ್. 48 ಪಟ್ಟು ಎಂದರೆ 7200 ಕಿಲೋಬೈಟ್. 8 ಪಟ್ಟಿನಲ್ಲಿ ಪೂರ್ತಿ 80 ನಿಮಿಷದ ಸಿ.ಡಿ.ಗೆ ಸುಮಾರು 10 ನಿಮಿಷ ಸಾಕು. ಒಂದು ನಿಮಿಷದ ನಾದಕ್ಕೆ ಅವಸರವೇನಿತ್ತು? ಎರಡನೆಯ ಸಿ.ಡಿ. ಹಾಕಿ, ಬೇರೇನನ್ನೂ ಮುಟ್ಟದೆ ವೇಗವನ್ನು ಮಾತ್ರ 8ಕ್ಕೆ ಇಳಿಸಿ ಬರೆದೆ. (ಕೇಳಿದ ವೇಗ ಡ್ರೈವಿನಲ್ಲಿ ಇಲ್ಲದಿದ್ದರೆ ಅದು ತನಗೆ ಸಾಧ್ಯವಿರುವ ಹತ್ತಿರದ ವೇಗ ಹಿಡಿಯುತ್ತದೆ.) ಹಳೆಯ ಪ್ಲೇಯರಿನಲ್ಲಿ ಮೊದಲಿನಿಂದ ಕೊನೆಯವರೆಗೂ ಸರಾಗವಾಗಿ ಕೇಳಿಸಿತು. ಒಂದೇ ಪ್ರಯೋಗದಿಂದ ವೇಗವೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಮೊದಲ ಬಿಲ್ಲೆಯಲ್ಲೇ ದೋಷವಿದ್ದಿರಬಹುದು. ಆದರೆ ಬದಲಿಸಿದ್ದು ಒಂದನ್ನೇ ಆದ್ದರಿಂದ ಅನುಮಾನಿಸಬೇಕಾದ ಜಾಗಗಳು ಎರಡಕ್ಕೆ ಇಳಿದವು.

ಪಟ್ಟಿಗೆ ಮರಳಿದ್ದು

ಸಿ.ಡಿ. ಕೈಯಲ್ಲಿ ಹಿಡಿದು ಮನೆಗೆ ಹೋಗುವಾಗ ಬಸ್ಸಿನಲ್ಲಿ ವಿಶ್ಲೇಷಣಾ ಪಟ್ಟಿ ತೆಗೆದು ನೋಡಿದೆ. ಹನ್ನೊಂದು ಹೆಸರು, ಒಂದೇ ವಾಕ್ಯ. ‘ಪರಿಕಲ್ಪನೆ ಸ್ಪಷ್ಟವಿಲ್ಲ.’ ನಾನು ಬರೆದದ್ದಕ್ಕೂ ಕಂಪ್ಯೂಟರಿನ ಮೇಲಿನ ಚೀಟಿಗೂ ಏನು ವ್ಯತ್ಯಾಸ? ಎರಡೂ ಹೇಳುತ್ತಿದ್ದದ್ದು ‘ಆಗುತ್ತಿಲ್ಲ’ ಎಂದಷ್ಟೆ. ಎಲ್ಲಿ ನಿಂತಿದೆ ಎಂದು ಎರಡರಲ್ಲೂ ಇರಲಿಲ್ಲ. ನೈದಾನಿಕ ಪರೀಕ್ಷೆಯ ಬಗ್ಗೆ ಕಾಲೇಜಿನಲ್ಲಿ ಹತ್ತು ಅಂಕದ ಉತ್ತರ ಬರೆದಿದ್ದೆ. ಆದರೆ ಈ ಹನ್ನೊಂದು ಮಕ್ಕಳಿಗೆ ಅದನ್ನು ಮಾಡಿರಲಿಲ್ಲ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಆ ಮಕ್ಕಳನ್ನು ಇಬ್ಬಿಬ್ಬರಾಗಿ ಕರೆದು ಸಣ್ಣ ಸಣ್ಣ ಪ್ರಶ್ನೆ ಕೇಳಿದೆ. ಆವೃತ್ತಿ ಎಂದರೇನು? ಸೊಳ್ಳೆಯ ದನಿಗೂ ಎಮ್ಮೆಯ ದನಿಗೂ ಏನು ವ್ಯತ್ಯಾಸ? ಯಾವುದರಲ್ಲಿ ಕಂಪನ ಹೆಚ್ಚು? ಇಬ್ಬರಿಗೆ ಆವೃತ್ತಿಯ ಅರ್ಥವೇ ಗೊತ್ತಿರಲಿಲ್ಲ. ಇನ್ನಿಬ್ಬರಿಗೆ ಎಲ್ಲ ಗೊತ್ತಿತ್ತು, ಪ್ರಶ್ನೆಯನ್ನು ಪೂರ್ತಿ ಓದಿರಲಿಲ್ಲ. ಉಳಿದ ಏಳು ಮಂದಿಗೆ ಆವೃತ್ತಿ ಗೊತ್ತಿತ್ತು, ಸೊಳ್ಳೆಯ ದನಿ ಬೇರೆ ಬಗೆಯದು ಎಂದೂ ಗೊತ್ತಿತ್ತು. ಅವರಲ್ಲೊಬ್ಬಳು ಕೇಳಿದಳು: “ಸ್ಥಾಯಿ ಏರೋದು ಅಂದ್ರೆ ದನಿ ಏರಿಸೋದೇ ಅಲ್ವಾ ಮಿಸ್? ದನಿ ಏರಿಸಿ ಮಾತಾಡಬೇಡ ಅಂತ ಮನೇಲಿ ಬೈತಾರಲ್ಲ, ಅದು ಜೋರಾಗಿ ಮಾತಾಡೋದಕ್ಕೆ ತಾನೆ?”

ಅವಳು ಹೇಳಿದ್ದು ನಿಜ. ನಮ್ಮ ಮಾತಿನಲ್ಲಿ ದನಿ ಏರಿಸುವುದೆಂದರೆ ಜೋರು ಮಾಡುವುದು. ‘ಸಣ್ಣ ದನಿ’ ಎಂದರೂ ಅಷ್ಟೆ, ಮೆಲ್ಲನೆಯ ದನಿಗೂ ಹೇಳುತ್ತೇವೆ, ಕೀರಲು ದನಿಗೂ ಹೇಳುತ್ತೇವೆ. ಪಾಠ ಮಾಡುವಾಗ ನಾನೇ ‘ಸ್ಥಾಯಿ ಏರುತ್ತದೆ’ ಎನ್ನುತ್ತ ಕೈಯನ್ನು ಮೇಲೆತ್ತಿ, ಜೊತೆಗೆ ದನಿಯನ್ನೂ ಗಟ್ಟಿ ಮಾಡಿದ್ದೆ. ಮಕ್ಕಳು ಕಂಡದ್ದನ್ನೇ ಬರೆದಿದ್ದರು.

ಇದರಿಂದ ಪಾಠಯೋಜನೆ ಬದಲಾಯಿತು. ಆವೃತ್ತಿಯ ವ್ಯಾಖ್ಯೆಯಿಂದ ಪುನಃ ಶುರುಮಾಡುವ ಬದಲು ನೇರವಾಗಿ ಸಿ.ಡಿ.ಗೆ ಹೋದೆ. ಮೊದಲ ಎರಡು ಟ್ರ್ಯಾಕುಗಳು 256 ಮತ್ತು 512 ಹರ್ಟ್ಸ್, ಪಾರ ಒಂದೇ. ಸಂಗೀತ ಕಲಿಯುವ ಹುಡುಗಿಯೊಬ್ಬಳು “ಎರಡನೇದು ಮೇಲಿನ ಸ” ಎಂದಳು. ಆದರೆ ಒಬ್ಬ ಹುಡುಗ ಎರಡನೆಯದು ಜೋರಾಗಿಯೂ ಇದೆ ಎಂದ. ಅವನ ಕಿವಿ ತಪ್ಪು ಹೇಳಿರಲಿಲ್ಲ. ಎಲ್ಲ ಆವೃತ್ತಿಗಳಿಗೂ ನಮ್ಮ ಕಿವಿ ಸಮಾನವಾಗಿ ಸ್ಪಂದಿಸುವುದಿಲ್ಲ, ಸಣ್ಣ ಸ್ಪೀಕರು ಕೆಳಗಿನ ನಾದಗಳನ್ನು ಚೆನ್ನಾಗಿ ಕೊಡುವುದೂ ಇಲ್ಲ. ಮೂರು ಮತ್ತು ನಾಲ್ಕನೆಯ ಟ್ರ್ಯಾಕುಗಳು ಎರಡೂ 256 ಹರ್ಟ್ಸ್, ಪಾರ 0.1 ಮತ್ತು 0.8. ಐದನೆಯದು 512 ಹರ್ಟ್ಸ್, ಪಾರ 0.1. ನಾಲ್ಕನ್ನೂ ಐದನ್ನೂ ಒಂದರ ಹಿಂದೆ ಒಂದು ಕೇಳಿಸಿದಾಗ ವಿಷಯ ನಿಂತಿತು: ಮೊದಲನೆಯದು ಜೋರು ಆದರೆ ದಪ್ಪ ದನಿ, ಎರಡನೆಯದು ಮೆಲ್ಲಗೆ ಆದರೆ ಕೀರಲು. ಜೋರು ಮತ್ತು ಏರು ಬೇರೆ ಬೇರೆ ಎಂದು ನಾನು ಹೇಳಬೇಕಾಗಲಿಲ್ಲ. ಆ ಹುಡುಗನೇ “ಇದು ಎಮ್ಮೆ, ಇದು ಸೊಳ್ಳೆ” ಎಂದ.

ಆವೃತ್ತಿಯ ಅರ್ಥ ತಿಳಿಯದ ಇಬ್ಬರಿಗೆ ಈ ಸಿ.ಡಿ. ಸಾಕಾಗಲಿಲ್ಲ. ಅವರೊಂದಿಗೆ ಲೋಲಕ ಹಿಡಿದು ಎಣಿಸುವುದರಿಂದ ಶುರುಮಾಡಬೇಕಾಯಿತು. ಪ್ರಶ್ನೆ ಓದದಿದ್ದ ಇಬ್ಬರಿಗೆ ವಿಜ್ಞಾನದ ಪುನರ್ಬೋಧನೆಯೇ ಬೇಕಿರಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಬೋಧನಾಭ್ಯಾಸದ ಶಾಲೆಯಲ್ಲಿ ಲಿನಕ್ಸ್ ಇದ್ದರೆ ಹೆದರಬೇಕಾಗಿಲ್ಲ. ತಪ್ಪಿನ ಸಂದೇಶವನ್ನು ಪೂರ್ತಿ ಓದಿ, ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಂದೇಶ ಬದಲಾದರೆ ಮುಂದೆ ಸಾಗುತ್ತಿದ್ದೀರಿ ಎಂದು ತಿಳಿಯಿರಿ. ಡ್ರೈವ್, ಬಿಲ್ಲೆ, ಅನುಮತಿ, ಕಡತ, ವೇಗ ಎಂಬ ಕ್ರಮ ಬಿಡಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಿಕ್ಕಿದ ಕೈಪಿಡಿ ಯಾವ ವರ್ಷದ್ದು ಎಂದು ಮೊದಲು ನೋಡಿ. ಆಡಳಿತದ ಗುಪ್ತಪದವನ್ನು ಕೇಳಿ ಪಡೆಯುವ ಬದಲು ಸಂಬಂಧಪಟ್ಟ ಶಿಕ್ಷಕರನ್ನೇ ಕರೆಯಿರಿ. ಬರೆದ ಸಿ.ಡಿ.ಯನ್ನು ಪಾಠದ ಹಿಂದಿನ ದಿನವೇ ತರಗತಿಯ ಪ್ಲೇಯರಿನಲ್ಲಿ ಪೂರ್ತಿ ಕೇಳಿ ನೋಡಿ.

ಬೋಧನಾಭ್ಯಾಸದ ಕೊನೆಯ ದಿನ ಕಂಪ್ಯೂಟರ್ ಶಿಕ್ಷಕರ ಒಪ್ಪಿಗೆ ಪಡೆದು ಹಳೆಯ ಚೀಟಿ ತೆಗೆದೆ. ಹೊಸದರಲ್ಲಿ ದಿನಾಂಕ ಹಾಕಿ ಹೀಗೆ ಬರೆದೆ: ‘ಈ ಡ್ರೈವ್ ಸಿ.ಡಿ. ಬರೆಯುತ್ತದೆ. ಖಾಲಿ ಬಿಲ್ಲೆ ಹಾಕಿ. ವೇಗ 8 ಇಡಿ. ಪ್ರಶಿಕ್ಷಣಾರ್ಥಿ ಖಾತೆಗೆ ಅನುಮತಿ ಇದೆ.’ ಉಳಿದಿದ್ದ ಮೂರನೆಯ ಖಾಲಿ ಸಿ.ಡಿ.ಯನ್ನು ಅದರ ಪಕ್ಕದಲ್ಲಿಟ್ಟೆ. ವಿಶ್ಲೇಷಣಾ ಪಟ್ಟಿಯನ್ನೂ ತಿದ್ದಿ ಮಾರ್ಗದರ್ಶಿ ಶಿಕ್ಷಕರಿಗೆ ಕೊಟ್ಟೆ. ಈಗ ಹನ್ನೊಂದು ಹೆಸರುಗಳ ಮುಂದೆ ಮೂರು ಬೇರೆ ಬೇರೆ ಕಾರಣಗಳಿದ್ದವು. ಅವರು ಓದಿ, ‘ಷರಾ’ ಅಂಕಣ ಇಷ್ಟು ಅಗಲ ಸಾಲದು, ಮುಂದಿನ ಸಲ ಎರಡು ಪಟ್ಟು ಅಗಲವಾಗಿ ಗೆರೆ ಹಾಕಿಕೊಳ್ಳಿ ಎಂದರು.